ಉಟ್ಟು ಬಿಟ್ಟ ಅರಿವಿಯ ಚರಿತ್ರಿ



ಈ ಸಲ ಹಳೀ ಅರಿವಿ ಬಗ್ಗೆ ಬರದೇನಿ. ಹಳೀದು ಅಂದ್ರ ನಾವ ಉಟ್ಟು ಹಳೀದು ಮಾಡಿದ್ದಲ್ಲ. ಗುರ್ತಿಲ್ಲದವರು ಉಟ್ಟು ಬಿಟ್ಟಿದ್ದನ್ನ ರೊಕ್ಕಾ ಕೊಟ್ಟು ತಂದು ಉಡೂದು. ಅಮೇರಿಕಾದಾಗ ಇಂಥಾ ಅಂಗಡಿಗೆ ಥ್ರಿಫ್ಟ್ ಸ್ಟೋರ್ ಅಂತಾರ, ಇಂಗ್ಲೆಂಡಿನಾಗ ಚಾರಿಟಿ ಶಾಪ್ ಅಂತಾರ. ಈಗ ನಮ್ಮ ಬೆಂಗಳೂರಿನ ಹುಡುಗ್ಯಾರೂ ಇನ್‌ಸ್ಟಾಗ್ರಾಮ್ ನೋಡಿ ಇಂಥಾ ಅರಿವಿ ಮನೀಗೆ ತರಿಸ್ಕೋತಾರ.

ನಮ್ಮ ವಾರಿಗಿಯವರಿಗೆ ಈ ಮಾತು ಹೇಳಿದ್ರ ಮಾರಿ ಸಿಂಡರಿಸ್ತಾರ. "ಅಯ್ಯ ಶಿವನ, ಯಾರ ಮೈಮ್ಯಾಲಿಂದೋ ಏನೋ, ಹೆಂಗ ಹಾಕ್ಕೋತಾರವಾ" ಅಂತಾರ. ಕೆಲವರಿಗೆ ಮಡಿ-ಮೈಲಿಗಿ ಚಿಂತಿ, ಕೆಲವರಿಗೆ ರೋಗದ ಹೆದರಿಕಿ, ಉಳಿದವರಿಗೆ ಮಂದಿ ಏನಂದಾರು ಅನ್ನೂ ಚಿಂತಿ. ನಾನು ಇದರ ಬಗ್ಗೆ ಓದಿಕೋತ ಹೋದಂಗ ತಿಳದದ್ದು ಏನಂದ್ರ, ಈ ನಾಚಿಕಿ ನಾವು ತಿಳಕೊಂಡಷ್ಟು ಹಳೀದಲ್ಲ. ಅರಿವಿ ತುಟ್ಟಿ ಇರೂತನಕ ಇದರಾಗ ನಾಚಿಕೊಳ್ಳೂವಂಥಾದ್ದು ಯಾರಿಗೂ ಕಾಣ್ತಿರಲಿಲ್ಲ. ಅರಿವಿ ಸೋವಿ ಆತು ನೋಡ್ರಿ, ನಾಚಿಕಿ ತುಟ್ಟಿ ಆತು.

ಅರಿವಿ ಆಸ್ತಿ ಆಗಿದ್ದಾಗ

ಮಿಲ್ಲು ಬರೂಕಿಂತ ಮೊದಲ ಒಂದು ಸೀರಿ ಆಗಬೇಕಂದ್ರ ಎಷ್ಟು ಕೈ ಬೇಕಾಗ್ತಿದ್ವು, ನೀವ ಲೆಕ್ಕಾ ಹಾಕ್ರಿ. ಹತ್ತಿ ಬಿಡಿಸಬೇಕು, ಅರಳಿ ಹಿಂಜಬೇಕು, ನೂಲಬೇಕು, ಬಣ್ಣಾ ಹಾಕಬೇಕು, ಆಮ್ಯಾಲೆ ಮಗ್ಗಕ್ಕ ಏರಿಸಬೇಕು. ಒಬ್ಬ ನೇಕಾರಗ ಸಾಕಾಗುವಷ್ಟು ನೂಲು ಬೇಕಂದ್ರ ನಾಕೈದು ಮಂದಿ ದಿನಾ ರಾಟಿ ಮುಂದ ಕೂಡಬೇಕಾಗ್ತಿತ್ತು. ಹಂಗಾಗಿ ಅರಿವಿ ಅಂದ್ರ ಬಂಗಾರದಂಗ ಒಂದು ಆಸ್ತಿ.

ಯುರೋಪಿನ ಹಳೇ ಕಾಲದ ಮೃತ್ಯುಪತ್ರದಾಗ ಹೊಲ-ಮನಿ ಜೋಡಿ ಅರಿವಿ ಹೆಸರೂ ಇರ್ತಿತ್ತು. ಈ ನಿಲುವಂಗಿ ತಮ್ಮಗ, ಆ ಲಂಗ ಸೊಸಿಗೆ ಅಂತ ಬರದಿಡ್ತಿದ್ರು. ದೊಡ್ಡ ಮನ್ಯಾಗ ದುಡಿಯೂ ಆಳುಗಳಿಗೆ ಮಾಲಕರು ಉಟ್ಟು ಬಿಟ್ಟಿದ್ದು ಪಗಾರದ ಒಂದು ಭಾಗ ಇದ್ದಂಗ. ಬೇಕಂದ್ರ ತಾವ ಹಾಕ್ಕೊಳ್ತಿದ್ರು, ಇಲ್ಲಂದ್ರ ಪ್ಯಾಟ್ಯಾಗ ಮಾರತಿದ್ರು.

ನಮ್ಮ ದೇಶದಾಗಂತೂ ಉಟ್ಟ ಅರಿವಿ ಕೊಡೂದು ರಾಜಮರ್ಯಾದಿ ಆಗಿತ್ತು. ಮೊಗಲರ ದರಬಾರಿನಾಗ ಖಿಲತ್ ಅಂತ ಕೊಡ್ತಿದ್ರು, ಅಂದ್ರ ಗೌರವದ ಪೋಷಾಕು. ಅದರಾಗೂ ಬಾದಶಹಾ ಅಥವಾ ಶಹಜಾದೆ ತಾನ ಮೈಮ್ಯಾಲೆ ಹಾಕ್ಕೊಂಡಿದ್ದು ಸಿಕ್ಕರ ಅದರಕಿಂತ ದೊಡ್ಡ ಮಾನ ಇಲ್ಲ. ಇಂಗ್ಲೆಂಡಿನ ರಾಜಾ ಜಹಾಂಗೀರನ ಕಡೆ ಥಾಮಸ್ ರೋ ಅನ್ನೂ ರಾಯಭಾರಿನ್ನ ಕಳಿಸಿದ್ದ. 1616ರಾಗ ಶಹಜಾದೆ ಖುರ್ರಮ್, ಮುಂದ ಷಹಜಹಾನ್ ಆದಾವ, ತಾನು ಒಂದೆರಡು ಸಲ ಹಾಕ್ಕೊಂಡ ಬಂಗಾರದ ಜರತಾರಿ ನಿಲುವಂಗಿ ತರಿಸಿ ಈ ರೋನ ಹೆಗಲಿಗೆ ಹಾಕಿಸಿದ. ನೋಡಿದವರೆಲ್ಲಾ ಎಂಥಾ ಭಾಗ್ಯ ಅಂತ ತಿಳಕೊಂಡ್ರು. ರೋ ಸಾಹೇಬಗ ಮಾತ್ರ ಮನಸ್ಸಿರಲಿಲ್ಲ. ಒಲ್ಲದ ಮನಸ್ಸಿಂದ ಹಾಕ್ಕೊಂಡೆ ಅಂತ ತನ್ನ ದಿನಚರ್ಯಾಗ ಬರಕೊಂಡಾನ. ಅರಿವಿ ಒಂದ, ಕೊಟ್ಟಾವಗ ಅದು ಮಾನ, ತೊಗೊಂಡಾವಗ ಮುಜುಗರ.

ದರಬಾರದ ಮಾತು ದೂರದ್ದಾತು, ನಮ್ಮ ಗುಡಿಗೆ ಬರ್ರಿ. ದೇವಿಗೆ ಉಡಿಸಿದ ಸೀರಿ ಎಷ್ಟೋ ಗುಡ್ಯಾಗ ಸವಾಲು ಹಾಕ್ತಾರ. ನಾವು ಮುಗಿಬಿದ್ದು ತೊಗೋತೀವಿ, ಹಬ್ಬಕ್ಕ ಉಡ್ತೀವಿ. ದೇವರಿಗೆ ಹೊಚ್ಚಿ ತಗದದ್ದಕ್ಕ ಶೇಷವಸ್ತ್ರ ಅಂತ ಛಂದನ್ನ ಹೆಸರಿಟ್ಟೇವಿ. ಅದನ್ನ ಯಾರಾದ್ರೂ ಸೆಕೆಂಡ್ ಹ್ಯಾಂಡ್ ಅಂದ್ರ ಜಗಳಾ ಆದೀತು!

ಹುಟ್ಟಿದ ಕೂಸಿನ ಮಾತೂ ಹಂಗ. ಹೊಸಾ ಅರಿವಿ ಕೂಸಿನ ಮೈಗೆ ಚುಚ್ಚತದ ಅಂತ ಅಜ್ಜನ ಹಳೇ ಧೋತರದಾಗ, ಇಲ್ಲಾ ಅಜ್ಜಿ ಹತ್ತೀಸೀರ್ಯಾಗ ಸುತ್ತತಿದ್ರು. ನೂರು ಸಲ ಒಗದ ಅರಿವಿಯಷ್ಟು ಮೆತ್ತಂದು ಮತ್ತ್ಯಾವುದೂ ಇಲ್ಲ. ಹಿರೇರ ಆಯುಷ್ಯ ಕೂಸಿಗೆ ಬರ್ತದ ಅನ್ನೂ ನಂಬಿಕಿ ಬ್ಯಾರೆ. ಅಂದಮ್ಯಾಲೆ ನಾವೆಲ್ಲಾ ಹುಟ್ಟಿದ ದಿನಾನ ಇನ್ನೊಬ್ಬರು ಉಟ್ಟ ಅರಿವ್ಯಾಗ ಮಲಗಿದವರ.

ಹೆದರಿಕಿಗೆ ಕಾರಣ ಇತ್ತು

ರೋಗದ ಹೆದರಿಕಿ ಮಾತ್ರ ಸುಳ್ಳಲ್ಲ. 1665ರಾಗ ಲಂಡನ್ನಿಗೆ ದೊಡ್ಡ ಪ್ಲೇಗು ಬಂದಾಗ ಊರಿನ ಮೇಯರ್ ಹುಕುಂ ಹೊರಡಿಸಿ, ರೋಗ ಬಂದ ಮನಿಯಿಂದ ಹಾಸಿಗಿ-ಅರಿವಿ ಹೊರಗ ಒಯ್ಯಬಾರದು, ಹಳೀ ಅರಿವಿ ಮಾರಾಟಾನ ಬಂದ್ ಅಂತ ಮಾಡಿದ್ದ. ಪ್ಲೇಗು ಚಿಗಟಿಂದ ಬರ್ತದ ಅಂತ ಅವರಿಗೆ ಆವಾಗ ಗೊತ್ತಿರಲಿಲ್ಲ. ಆದ್ರ ಅರಿವಿ ಜೋಡಿ ರೋಗ ಹೋಗ್ತದ ಅಂತ ಅನುಭವದಿಂದ ತಿಳಕೊಂಡಿದ್ರು.

ನಮ್ಮ ಕಡೇನೂ ಹಂಗ ಆತು. 1896ರಾಗ ಮುಂಬೈಗೆ ಬಂದ ಪ್ಲೇಗು ಎರಡು ವರ್ಷದಾಗ ಹುಬ್ಬಳ್ಳಿ-ಧಾರವಾಡಕ್ಕೂ ಬಂತು. ಊರು ಬಿಟ್ಟು ಮಂದಿ ಅಡವ್ಯಾಗ ಗುಡಿಸಲಾ ಹಾಕ್ಕೊಂಡು ಇದ್ರು. ಪ್ಲೇಗಿನ ಮನೀ ಅರಿವಿ ಸುಡ್ತಿದ್ರು. ನಮ್ಮ ಹಿರೇರ ಬಾಯಾಗ "ಕಂಡವರ ಅರಿವಿ ಮುಟ್ಟಬ್ಯಾಡ್ರಿ" ಅನ್ನೂ ಮಾತು ಸುಮ್ಮನ ಬಂದಿದ್ದಲ್ಲ. ಆದ್ರ ಅದು ಚಿಗಟಿನ ಹೆದರಿಕಿ, ಕುದಿಯೂ ನೀರಿನಾಗ ಹಾಕಿ ಒಗದು ಬಿಸಲಿಗೆ ಒಣಗಿಸಿದ್ರ ಹೋಗೂವಂಥಾದ್ದು. ಜಾತಿ, ಅಂತಸ್ತು ಅಂತ ಬರೂ ಹೆದರಿಕಿ ಬ್ಯಾರೆ, ಅದು ಒಗದ್ರ ಹೋಗೂದಿಲ್ಲ.

ಲಂಡನ್ನಿನ ಭಾಂಡೆದವರು

1851ರ ಸುಮಾರಿಗೆ ಹೆನ್ರಿ ಮೇಹ್ಯೂ ಅನ್ನೂ ಪತ್ರಕರ್ತ ಲಂಡನ್ನಿನ ಬಡವರ ಕಸಬಿನ ಬಗ್ಗೆ ದೊಡ್ಡ ಪುಸ್ತಕಾ ಬರದ. ಬೀದಿಬೀದಿ ತಿರುಗಿ, ಕಂಡವರನ್ನ ಮಾತಾಡಿಸಿ ಬರದದ್ದು. ಅದರಾಗಿನ ಒಂದು ಸಂಗತಿ ಓದಿ ನಾನು ಪುಸ್ತಕಾ ತೆಳಗಿಟ್ಟು ನಕ್ಕಬಿಟ್ಟೆ. ಅಲ್ಲಿ ಬುಟ್ಟಿ ತುಂಬ ಪಿಂಗಾಣಿ ಕಪ್ಪು-ಬಶಿ, ಗಾಜಿನ ಸಾಮಾನು ತೊಗೊಂಡು ಮನೀಮನೀಗೆ ಬರೂ ಮಂದಿ ಇದ್ರಂತ. ರೊಕ್ಕಾ ತೊಗೊಳ್ಳೂದಿಲ್ಲ, ಹಳೀ ಅರಿವಿ ಕೊಟ್ಟು ಸಾಮಾನು ತೊಗೋರಿ ಅಂತಿದ್ರಂತ. ಒಂದು ಪೂರಾ ಸೂಟು, ಟೊಪಗಿ, ಬೂಟು ಕೊಟ್ರ ಒಂದು ಛಲೋ ಚಹಾದ ಸೆಟ್ಟು. ಆದ್ರ ಅರಿವಿ ಹಾಕ್ಕೊಳ್ಳಾಕ ಬರೂವಂಗ ಇರಬೇಕು.

ನಮ್ಮ ಓಣಿಗೆ ಬರ್ತಿದ್ದ ಭಾಂಡೆದಾಕಿನ್ನ ನೆನಸ್ಕೊಳ್ರಿ. ತೆಲಿಮ್ಯಾಲೆ ಸ್ಟೀಲಿನ ಬೋಗೋಣಿ, ಡಬ್ಬಿ, ಪರಾತದ ಬುಟ್ಟಿ, ಬಗಲಾಗ ಅರಿವಿ ಗಂಟು. ನಾವು ನಾಕು ಪ್ಯಾಂಟು, ಎರಡು ಸೀರಿ ಇಟ್ರ ಆಕಿ ಒಂದೊಂದ ಎತ್ತಿ ಬೆಳಕಿಗೆ ಹಿಡದು, "ಇದು ಪಿಸದೈತ್ರಿ, ಇದರ ಜಿಪ್ಪು ಹೋಗೈತ್ರಿ, ಇನ್ನೊಂದು ಹಾಕ್ರಿ ಬಾಯಾರ" ಅಂತಿದ್ಲು. ನಾವು "ಡಬ್ಬಿಗೆ ಮುಚ್ಚಳಾನೂ ಕೊಡು" ಅಂತ ಹಟಾ ಹಿಡೀತಿದ್ದಿವಿ. ಒಂದು ತಾಸಿನ ಚೌಕಾಶಿ. ಏಳು ಸಮುದ್ರದ ಆಚೆ, ನೂರಾ ಎಪ್ಪತ್ತು ವರ್ಷದ ಹಿಂದ, ಇದ ಚೌಕಾಶಿ ನಡದಿತ್ತು ನೋಡ್ರಿ.

ಹಿಂಗ ಕೂಡಿಸಿದ ಅರಿವಿ ಲಂಡನ್ನಿನ ಹೌಂಡ್ಸ್‌ಡಿಚ್ ಅನ್ನೂ ಕಡೆ ಹಳೀ ಅರಿವಿ ಪ್ಯಾಟಿಗೆ ಹೋಗ್ತಿದ್ವು. ಅಲ್ಲೆ ಕೈಚಳಕದ ಕೆಲಸಾ ನಡೀತಿತ್ತು. ಬಣ್ಣಾ ಹೋದದ್ದಕ್ಕ ಬಣ್ಣಾ ಹಾಕೂದು, ಕೋಟಿನ ಹೊಲಿಗಿ ಪೂರಾ ಬಿಚ್ಚಿ ಒಳಮೈ ಹೊರಗ ಮಾಡಿ ಮತ್ತ ಹೊಲಿಯೂದು, ದೊಡ್ಡವರ ಪ್ಯಾಂಟಿನಾಗ ಹುಡುಗ್ರ ಚೊಣ್ಣಾ ತಗಿಯೂದು. ಏನೂ ಆಗಲಾರದ್ದನ್ನ ಚಿಂದಿ ಮಾಡೂದು. ಹತ್ತಿ ಚಿಂದಿ ಕಾಗದದ ಕಾರಖಾನೆಗೆ ಹೋಗ್ತಿತ್ತು. ಉಣ್ಣೀ ಚಿಂದಿಗೆ ಯಾರ್ಕ್‌ಶೈರಿನ ಬ್ಯಾಟ್ಲಿ ಊರಿನ ಬೆಂಜಮಿನ್ ಲಾ 1813ರಾಗ ಒಂದು ಉಪಾಯ ಕಂಡುಹಿಡದ. ಚಿಂದಿ ಹರದು ಮತ್ತ ಅರಳಿ ಮಾಡಿ, ಸ್ವಲ್ಪ ಹೊಸಾ ಉಣ್ಣಿ ಕೂಡಿಸಿ ನೂಲಿಸಿದ. ಅದಕ್ಕ ಶಾಡಿ ಅಂತ ಹೆಸರು. ಇಂಗ್ಲಿಷಿನಾಗ ಕಳಪೆ ಮಾಲಿಗೆ ಈಗ ಶಾಡಿ ಅಂತಾರಲ್ಲ, ಆ ಮಾತು ಈ ಅರಿವಿಯಿಂದ ಬಂದದ್ದು.

ಇಷ್ಟೆಲ್ಲಾ ಉಪಕಾರ ಮಾಡಿದ ಮಂದಿಗೆ ಮಾನ ಇತ್ತೇನು? ಇಲ್ಲ. ಈ ಧಂದೆದಾಗ ಯಹೂದಿಗಳು ಭಾಳ ಇದ್ರು, ಆಮ್ಯಾಲೆ ಐರ್ಲಂಡಿನ ಬಡವರೂ ಬಂದ್ರು. ಬ್ಯಾರೆ ಕಸಬು ಮಾಡಾಕ ಊರವರು ಬಿಡದಿದ್ದಕ್ಕ ಎಷ್ಟೋ ಮಂದಿ ಇದನ್ನ ಹಿಡದಿದ್ರು. ಅದನ್ನ ಹಿಡದದ್ದಕ್ಕ ಮತ್ತ ಊರವರ ಕಡೆ ಬೈಸಿಕೋತಿದ್ರು. ನಮ್ಮ ಕಡೇನೂ ಅರಿವಿ ಕೊಟ್ಟಾಕಿಗೆ ಕಮ್ಮಿ ಅನ್ನಿಸೂದಿಲ್ಲ, ಗಂಟು ಹೊತ್ತಾಕಿನ್ನ ಕಟ್ಟಿಮ್ಯಾಲೆ ಕೂಡಸಾಕ ಹಿಂದ-ಮುಂದ ನೋಡ್ತಾರ.

ಅಂಗಡಿ ಹುಟ್ಟಿದ್ದು ಹೆಂಗ

ಮಿಲ್ಲು ಬಂದ್ವು. 1851ರಾಗ ಸಿಂಗರ್ ಹೊಲಿಗಿ ಮಿಷನ್ನಿಗೆ ಪೇಟೆಂಟ್ ತೊಗೊಂಡ. ಮುಂದ ಐವತ್ತು ವರ್ಷದಾಗ ರೆಡಿಮೇಡ್ ಅರಿವಿ ಸೋವಿ ಆಗಿ, ಸಾಧಾರಣ ಮಂದೀನೂ ಹೊಸಾದು ಕೊಳ್ಳೂವಂಗ ಆತು. ಹೊಸಾದು ಕೈಗೆ ಸಿಗೂವಂಗ ಆದಕೂಡ್ಲೆ ಹಳೀದು ಉಟ್ಟಾವನ್ನ ಬಡವ ಅಂತ ಗುರ್ತಿಸಾಕ ಸುರು ಮಾಡಿದ್ರು. ಇತ್ತ ಪ್ಯಾಟಿ ಮಂದಿ ಮನ್ಯಾಗ ಉಟ್ಟು ಬಿಟ್ಟದ್ದರ ರಾಶಿ ಬೆಳೀತು, ಅತ್ತ ವಲಸೆ ಬಂದವರ ಕೈಯ್ಯಾಗ ಕೆಲಸಿಲ್ಲ. ಈ ಎರಡರ ನಡುವ ಹುಟ್ಟಿದ್ದು ಥ್ರಿಫ್ಟ್ ಸ್ಟೋರ್.

ಸಾಲ್ವೇಶನ್ ಆರ್ಮಿ ಕಟ್ಟಿದ ವಿಲಿಯಂ ಬೂತ್ 1890ರ ತನ್ನ ಪುಸ್ತಕದಾಗ, ಶ್ರೀಮಂತರ ಮನೀಯಿಂದ ಬ್ಯಾಡಾದ ಸಾಮಾನು ಕೂಡಿಸೂ ಒಂದು ದಂಡು ಮಾಡಬೇಕು, ಅದರಾಗ ಕೆಲಸಿಲ್ಲದವರಿಗೆ ಕೆಲಸಾ ಕೊಡಬೇಕು ಅಂತ ಬರದಿದ್ದ. 1897ರಾಗ ನ್ಯೂಯಾರ್ಕಿನಾಗ ಅವರ ಗಂಡಸರ ಆಶ್ರಯದ ನೆಲಮನ್ಯಾಗ ಅದು ಸುರು ಆತು. ಅಲ್ಲೆ ಇದ್ದವರ ಕೈಗಾಡಿ ದೂಡಿಕೋತ ಹೋಗಿ ಸಾಮಾನು ತಂದು ರಿಪೇರಿ ಮಾಡ್ತಿದ್ರು.

1902ರಾಗ ಬಾಸ್ಟನ್ನಿನಾಗ ಎಡ್ಗರ್ ಹೆಲ್ಮ್ಸ್ ಅನ್ನೂ ಪಾದ್ರಿ ಗೋಣಿಚೀಲಾ ಹಿಡಕೊಂಡು ಶ್ರೀಮಂತರ ಓಣಿಗೆ ಹೋಗಿ ಅರಿವಿ, ಸಾಮಾನು ಕೇಳಿ ತಂದ. ತಂದದ್ದನ್ನ ಹಂಗ ಹಂಚಲಿಲ್ಲ. ಬಡವರಿಗೆ ಹೊಲಿಗಿ, ರಿಪೇರಿ ಕಲಿಸಿ, ಅವರ ಕೈಲೆ ನೆಟ್ಟಗ ಮಾಡಿಸಿ, ಅದನ್ನ ಸೋವಿ ದರಕ್ಕ ಮಾರಿ, ಬಂದ ರೊಕ್ಕದಾಗ ಅವರಿಗೆ ಪಗಾರ ಕೊಟ್ಟ. ಅದ ಮುಂದ 1915ರ ಸುಮಾರಿಗೆ ಗುಡ್‌ವಿಲ್ ಅನ್ನೂ ಹೆಸರಿನಿಂದ ಬೆಳೀತು. ದಾನ ಅಲ್ಲ, ಒಂದು ಅವಕಾಶ ಅನ್ನೂದು ಅವರ ಮಾತು.

ಇದನ್ನ ನಾವು ಸ್ವಲ್ಪ ವಿಚಾರ ಮಾಡಬೇಕು. ಹಳೀ ಅರಿವಿ ಮಾರೂದು ಹೊಸಾದಲ್ಲ, ಅದು ಸಾವಿರಾರು ವರ್ಷದ್ದು. ಇವರು ಹೊಸಾದು ಮಾಡಿದ್ದು ಎರಡ. ಒಂದು, ಕೊಡಾವ ಮತ್ತು ಉಡಾವ ಎದುರುಬದರು ನಿಂದರೂದನ್ನ ತಪ್ಪಿಸಿದ್ರು. ಕೈ ಚಾಚೂದಿಲ್ಲ, ಅಂಗಡಿಗೆ ಹೋಗಿ ಆರಿಸಿ ರೊಕ್ಕಾ ಕೊಟ್ಟು ತರೂದು. ಎರಡು ರೂಪಾಯಿ ಕೊಟ್ಟು ತಂದದ್ದಕ್ಕೂ ಪುಕ್ಕಟ ಬಂದದ್ದಕ್ಕೂ ಎಷ್ಟು ಫರಕ್ ಅದ ಅನ್ನೂದು, ಇನ್ನೊಬ್ಬರ ಮನ್ಯಾಗ ಇದ್ದು ಬೆಳದವರಿಗೆ ಗೊತ್ತಿರ್ತದ. ಇನ್ನೊಂದು, ನಡುವ ರಿಪೇರಿ ಮಾಡೂ ಕೈಗೆ ಪಗಾರ ಕೊಟ್ರು.

ಇಂಗ್ಲೆಂಡಿನಾಗ ಮಹಾಯುದ್ಧದ ಕಾಲಕ್ಕ, 1941ರ ಜೂನ್ 1ರಿಂದ, ಅರಿವಿಗೆ ರೇಶನ್ ಬಂತು. ಕೂಪನ್ ಇಲ್ಲದ ಹೊಸಾ ಅಂಗಿ ಇಲ್ಲ. ಸರಕಾರಾನ ಹಳೀದನ್ನ ರಿಪೇರಿ ಮಾಡ್ಕೋರಿ ಅಂತ ಹೆಣ್ಮಕ್ಕಳಿಗೆ ಪುಸ್ತಕಾ ಹಂಚಿತು. ಬೆಳಿಯೂ ಹುಡುಗ್ರ ಅರಿವಿ ಅದಲಿ-ಬದಲಿ ಮಾಡಾಕ ಮಹಿಳಾ ಸ್ವಯಂಸೇವಕಿಯರು ಕೇಂದ್ರ ತಗದ್ರು. ಅರಿವಿ ತುಟ್ಟಿ ಆತು ನೋಡ್ರಿ, ನಾಚಿಕಿ ಎಲ್ಲೋ ಹೋತು. ನಮ್ಮಲ್ಲೂ 1943ರಾಗ ಅರಿವಿಗೆ ಕಂಟ್ರೋಲ್ ಬಂದಾಗ ಹೊಸಾ ಸೀರಿ ಸಿಗದ ಎರಡು ಹಳೀ ಸೀರಿ ಕೂಡಿಸಿ ದಂಡಿ ಹಚ್ಚಿ ಉಟ್ಟೇವಿ ಅಂತ ನಮ್ಮ ಅಜ್ಜಿ ಹೇಳ್ತಿದ್ಲು. ಆ ಹೊತ್ತಿನಾಗ ಯಾರೂ ನಕ್ಕಿಲ್ಲಂತ, ನಗಬೇಕಂದ್ರ ಒಬ್ಬಾಕಿ ಮೈಮ್ಯಾಲಾದ್ರೂ ಹೊಸಾದು ಇರಬೇಕಲ್ಲ.

ಯುದ್ಧದ ಬೆನ್ನಿಗೆ ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಾಗ ಆಕ್ಸ್‌ಫ್ಯಾಮ್ ಅಂಗಡಿ ಬಂತು. 1942ರಾಗ ಹುಟ್ಟಿದ ಸಂಸ್ಥೆ ಅದು, ಗ್ರೀಸ್ ದೇಶದ ಬರಗಾಲಕ್ಕ ಸಹಾಯ ಮಾಡಾಕ ಕಟ್ಟಿದ್ದು. ಮಂದಿ ಕೊಟ್ಟ ಅರಿವಿ, ಸಾಮಾನು ಭಾಳ ಆತು. ಅದನ್ನ ಮಾರಿ ರೊಕ್ಕಾ ಮಾಡೂಣು ಅಂತ 1940ರ ದಶಕದ ಕೊನಿಗೆ ಅಂಗಡಿ ಹಾಕಿದ್ರು. ಈಗ ಇಂಗ್ಲೆಂಡಿನ ಯಾವ ಪ್ಯಾಟಿಗೆ ಹೋದ್ರೂ ಇಂಥಾವು ನಾಕಾರು ಕಾಣ್ತಾವ.

ನಮ್ಮ ಕಡೆ ಅಂಗಡಿ ಯಾಕ ಹುಟ್ಟಲಿಲ್ಲ

ನಮ್ಮಲ್ಲಿ ಉಟ್ಟ ಅರಿವಿ ಮನೀ ಬಿಡೂದರಾಗ ಪೂರಾ ಸವದು ಹೋಗಿರ್ತಿತ್ತು. ಅಕ್ಕನ ಪರಕಾರ ತಂಗಿಗೆ, ಅದು ಗಿಡ್ಡ ಆದ್ರ ಝಂಪರಿಗೆ, ಅದೂ ಪಿಸದ್ರ ಒಲಿ ಮುಂದಿನ ಕೈಅರಿವಿಗೆ. ಸೀರಿ-ಧೋತರಾ ಕೌದಿಗೆ. ಕೌದಿ ಹೊಲಿಯೂ ಗೊಂದಲಿಗರ ಹೆಣ್ಮಕ್ಕಳು ಮನೀಮುಂದ ಕೂತು ನಮ್ಮ ಹಳೀ ಸೀರಿಗೊಳಿಂದ ಹೊಲದುಕೊಡ್ತಿದ್ರು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಮಕ್ಕಳ ಕವಂದಿ ಇನ್ನೂ ಛಂದ. ದಂಡಿಯಿಂದ ಸುರು ಮಾಡಿ ಸುತ್ತ ಸುತ್ತ ಹೊಲಕೋತ ನಡುವಕ್ಕ ಬರ್ತಾರ, ನಾಕೂ ಮೂಲಿಗೆ ಅರಿವಿ ಮಡಚಿ ಹೂವು ಇಡ್ತಾರ. ಜರತಾರಿ ಸೀರಿ ಆದ್ರ ಅದರ ಜರಿ ಸುಟ್ಟು ಬೆಳ್ಳಿ ತಗಿಯೂವರು ಬಂದು ಒಯ್ಯತಿದ್ರು.

ಇನ್ನ ಉಳಿದದ್ದು ಭಾಂಡೆದಾಕಿಗೆ. ಆಕಿ ಗಂಟು ಎಲ್ಲಿಗೆ ಹೋಗ್ತದ ಅಂತ ನಮಗ್ಯಾರಿಗೂ ವಿಚಾರ ಬರ್ತಿರಲಿಲ್ಲ. ದಿಲ್ಲಿದಾಗ ಲೂಸಿ ನಾರಿಸ್ ಅನ್ನೂ ಸಂಶೋಧಕಿ ಈ ಗಂಟಿನ ಬೆನ್ನ ಹತ್ತಿ ಹೋಗಿ ಒಂದು ಪುಸ್ತಕಾನ ಬರದಾಳ. ಗುಜರಾತ ಮೂಲದ ವಾಘ್ರಿ ಹೆಣ್ಮಕ್ಕಳು ಭಾಂಡೆ ಕೊಟ್ಟು ತಂದ ಅರಿವಿ, ದಿಲ್ಲಿ ರಘುಬೀರ್ ನಗರದ ಪ್ಯಾಟ್ಯಾಗ ನಸಕಿನಾಗ ಮಾರಾಟ ಆಗ್ತದ. ಅಲ್ಲಿಂದ ಒಗದು, ಇಸ್ತ್ರಿ ಮಾಡಿ, ಗುಂಡಿ ಹಚ್ಚಿ, ಕೂಲಿ ಮಂದಿಗೆ ಮಾರತಾರ. ಅಂದ್ರ ನಮ್ಮ ದೇಶದಾಗೂ ಹಳೀ ಅರಿವಿ ಧಂದೆ ದೊಡ್ಡದಾಗಿ ನಡದದ. ಬೋರ್ಡು ಹಾಕಿದ ಅಂಗಡಿ ಇಲ್ಲ, ಅಷ್ಟ.

1999ರಾಗ ಅಂಶು ಗುಪ್ತಾ ಅನ್ನೂವರು ಗೂಂಜ್ ಅನ್ನೂ ಸಂಸ್ಥೆ ಸುರು ಮಾಡಿ ಇದಕ್ಕ ಬ್ಯಾರೆ ದಾರಿ ತೋರಿಸಿದ್ರು. ಊರಿನ ಮಂದಿ ಭಾವಿ ತೋಡಿದ್ರ, ರಸ್ತೆ ಸರಿ ಮಾಡಿದ್ರ, ಅವರ ದುಡಿಮಿಗೆ ಮಾನದಿಂದ ಅರಿವಿ ಕೊಡೂದು. ಇದಕ್ಕ 2015ರಾಗ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೆಲ್ಮ್ಸ್ ಪಾದ್ರಿ ಬಾಸ್ಟನ್ನಿನಾಗ ಹೇಳಿದ ಮಾತ ಇದು, ನಮ್ಮ ಹಳ್ಳ್ಯಾಗ.

ಸತ್ತವರ ಅರಿವಿ, ತುಟ್ಟಿ ನೀರು

ಮಗಳ ಬಾಣಂತನಕ್ಕ ಅಮೇರಿಕಾಕ್ಕ ಹೋದಾಗ ಅಲ್ಲಿಯ ಥ್ರಿಫ್ಟ್ ಸ್ಟೋರಿಗೆ ನಾನೂ ಹೋಗಿದ್ದೆ. ಸಾಲಾಗಿ ತೂಗಹಾಕಿದ ಅರಿವಿ, ಚೀಟಿಗೆ ಬ್ಯಾರೆ ಬ್ಯಾರೆ ಬಣ್ಣ. ವಾರಕ್ಕೊಂದು ಬಣ್ಣದ ಚೀಟಿಗೆ ಅರ್ಧಾ ದರ. ಮೂರ್ನಾಕು ವಾರ ಮಾರದಿದ್ರ ಅದನ್ನ ತಗದು ಇನ್ನೊಂದು ಅಂಗಡಿಗೆ ಕಳಸ್ತಾರ. ಅಲ್ಲೆ ದೊಡ್ಡ ದೊಡ್ಡ ತೊಟ್ಟಿದಾಗ ಸುರವಿ, ಕಾಯಿಪಲ್ಯೆ ಮಾರಿದಂಗ ತೂಕದ ಮ್ಯಾಲೆ ಮಾರತಾರ. ಅಲ್ಲೂ ಉಳದದ್ದು ಪಿಂಡಿ ಕಟ್ಟಿ ಹಡಗು ಏರ್ತದ.

ಮಗಳು ಮೊಮ್ಮಗಗ ಒಂದು ಉಣ್ಣೀ ಸ್ವೆಟರ್ ತೊಗೊಂಡ್ಲು. ಅದರ ಫೋಟೋ ನೋಡಿ ಊರಿನಿಂದ ನಮ್ಮ ನೆಗೆಣ್ಣಿ ಫೋನ್ ಮಾಡಿ, "ಸತ್ತ ಕೂಸಿನದಿದ್ರ ಏನ ಮಾಡ್ತೀರಿ?" ಅಂದ್ಲು. ಮಗಳ ಮಾರಿ ಸಣ್ಣದಾತು. ನಾನು ನೆಗೆಣ್ಣಿಗೆ, "ನಿನ್ನ ಮಗನ್ನ ಯಾರ ಧೋತರದಾಗ ಸುತ್ತಿದ್ದಿವಿ, ನೆನಸ್ಕೋ" ಅಂದೆ. ಅವರ ಮಾವನವರು ತೀರಿಕೊಂಡು ಆರು ತಿಂಗಳಾಗಿತ್ತು ಆವಾಗ. ಆಕಿ ಸುಮ್ಮನಾದ್ಲು.

ಆದ್ರ ಆಕಿ ಅಂದ ಮಾತು ಆಕಿ ಒಬ್ಬಾಕೀದಲ್ಲ. ಆ ಪಿಂಡಿಗಳು ಹೋಗೂ ಘಾನಾ ದೇಶದಾಗ ಈ ಅರಿವಿಗೆ ಒಬ್ರೋನಿ ವಾವು ಅಂತಾರ, ಅಂದ್ರ ಸತ್ತ ಬಿಳೀಮಂದಿಯ ಅರಿವಿ. ಇಷ್ಟು ಛಲೋ ಅರಿವಿನ್ನ ಜೀವಂತ ಇದ್ದಾವ ಯಾವನರೆ ಕೊಟ್ಟಾನೇನು, ಸತ್ತಿರಬೇಕು ಅಂತ ಅವರ ಲೆಕ್ಕ. ನಮ್ಮ ದೇಶಕ್ಕೂ ಬರ್ತಾವ. ಗುಜರಾತಿನ ಕಾಂಡ್ಲಾ ಬಂದರದಾಗ ಇಳದು, ಆರಿಸಿ, ಉಣ್ಣೀವು ಹರಿಯಾಣಾದ ಪಾಣಿಪತ್ತಿಗೆ ಹೋಗ್ತಾವ. ಅಲ್ಲೆ ಹೆಣ್ಮಕ್ಕಳು ಕೂತು ಗುಂಡಿ, ಜಿಪ್ಪು ಕಿತ್ತು, ಅರಿವಿ ಕತ್ತರಿಸಿ ಕೊಡ್ತಾರ. ಬ್ಯಾಟ್ಲಿ ಊರಿನ ಅದ ಶಾಡಿ ವಿದ್ಯೆ, ಈಗ ಪಾಣಿಪತ್ತಿನ ಕಂಬಳಿ. ಭೂಕಂಪ, ಮಹಾಪೂರ ಆದಾಗ ಹಂಚೂ ಕಂಬಳಿ ಎಷ್ಟೋ ಇಲ್ಲಿಂದ ಹೋಗ್ತಾವ.

ಮೇಘನಾ ಗುಪ್ತಾ ಅನ್ನೂವರು 2012ರಾಗ ಈ ಹೆಣ್ಮಕ್ಕಳ ಮ್ಯಾಲೆ ಅನ್‌ರ‍್ಯಾವೆಲ್ ಅಂತ ಒಂದು ಸಣ್ಣ ಸಾಕ್ಷ್ಯಚಿತ್ರ ತಗದಾರ. ಇಷ್ಟು ಹೊಸಾ ಅರಿವಿ ಯಾಕ ಬಿಟ್ಟಿರಬೇಕು ಅಂತ ಅವರು ಮಾತಾಡಿಕೋತಾರ. ಅಲ್ಲಿ ನೀರು ಭಾಳ ತುಟ್ಟಿ ಇರಬೇಕು, ಒಗಿಯೂಕಿಂತ ಒಗಿದುಬಿಡೂದ ಸೋವಿ ಇರಬೇಕು ಅನ್ನೂದು ಅವರ ಊಹೆ. ಸಾವು, ಇಲ್ಲಾ ನೀರಿನ ಬರ, ಎರಡರಾಗ ಒಂದು ಇರಬೇಕು ಅಂತ ಘಾನಾದವರೂ ಪಾಣಿಪತ್ತಿನವರೂ ತಿಳಕೊಂಡಾರ. ಬ್ಯಾಸರ ಬಂತು ಅಂತ ಅರಿವಿ ಬಿಡ್ತಾರ ಅನ್ನೂದು ದುಡದು ಉಣ್ಣೂವರ ತೆಲಿಗೆ ಹೊಳಿಯೂದ ಇಲ್ಲ.

ಈಗ ಅರಿವಿ ಎಷ್ಟು ಸೋವಿ ಆಗಿಬಿಟ್ಟದಂದ್ರ, ಥ್ರಿಫ್ಟ್ ಸ್ಟೋರಿನವರಿಗೂ ಬಂದದ್ದೆಲ್ಲಾ ಮಾರಾಕ ಆಗೂದಿಲ್ಲ, ಘಾನಾದ ಕಾಂಟಾಮಾಂಟೋ ಪ್ಯಾಟಿಯವರಿಗೂ ಆಗೂದಿಲ್ಲ. ಎರಡು ಸಲ ಒಗದ್ರ ಹಿಂಜಿ ಹೋಗೂ ಅಂಗೀನ್ನ ಬಿಚ್ಚಿ ತಿರುವಿ ಹೊಲಿಯೂದು ಹೆಂಗ? ಕೌದಿಗೆ ಹಾಕಿದ್ರ ದಾರ ಹಿಡಿಯೂದಿಲ್ಲ. ನನಗ ಇದ ದೊಡ್ಡ ಚಿಂತಿ ಅನ್ನಿಸ್ತದ. ಇನ್ನೊಬ್ಬರು ಉಟ್ಟದ್ದು ಅನ್ನೂದರಾಗ ನಾಚಿಕಿಲ್ಲ. ಎರಡನೇದವರು ಉಡೂವಂಗ ಉಳಿಯೂದಿಲ್ಲಲ್ಲ, ಆ ಅರಿವಿ ಕೊಳ್ಳೂದರಾಗ ನಾಚಿಕಿ ಅದ.

ಹೊಸಾದ ಇರಲಿ, ಹಳೀದ ಇರಲಿ, ಭಾಂಡೆದಾಕಿ ನೋಡಿದಂಗ ನೋಡಿ ತೊಗೋರಿ: ಬೆಳಕಿಗೆ ಹಿಡೀರಿ, ಕಂಕಳದ ಹೊಲಿಗಿ ಎಳದು ನೋಡ್ರಿ, ಒಳಗ ಅರಿವಿ ಎಷ್ಟು ಬಿಟ್ಟಾರ ನೋಡ್ರಿ. ಆಕಿ ಇನ್ನೂ ನಿಮ್ಮ ಓಣಿಗೆ ಬರ್ತಿದ್ರ, ಚಹಾ ಕೊಟ್ಟು, ಈ ಗಂಟು ಯಾವ ಊರಿಗೆ ಹೋಗ್ತದವಾ ಅಂತ ಕೇಳಿ ನೋಡ್ರಿ. ಆಕಿಗೆ ಗೊತ್ತಿರೂ ಚರಿತ್ರಿ ನನಗ ಪುಸ್ತಕದಾಗ ಸಿಕ್ಕಿಲ್ಲ.